ಬಹಿರಂಗ ಕಿರ್ದಿಯನ್ನು ಯಂತ್ರದಿಂದ ಓದಿಸುವ ಬಗೆ

ಪರಊರಿನಲ್ಲಿ ದುಡಿದು ಬದುಕುವ ನಮ್ಮಂಥವರಿಗೆ “ಹಣ ಬಂದಿತೇ?” ಎಂಬುದಕ್ಕಿಂತ ದೊಡ್ಡ ಪ್ರಶ್ನೆಯಿಲ್ಲ. ಕೊಡಬೇಕಾದ ಹಣವನ್ನು ರೂಪಾಯಿಯಲ್ಲಿ ಕೊಡದೆ, “ಯುಎಸ್‌ಡಿಟಿಯಲ್ಲಿ ಕಳುಹಿಸಿಬಿಟ್ಟಿದ್ದೇವೆ” ಎಂದು ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿ ಕೈತೊಳೆದುಕೊಳ್ಳುವವರು ಈಗ ಇದ್ದಾರೆ. ಚಿತ್ರವನ್ನು ಯಾರು ಬೇಕಾದರೂ ತಯಾರಿಸಬಹುದು. ಅದರ ಹಿಂದಿನ ಮೂಲ ನಮೂದನ್ನು ನಾವೇ ನೋಡುವುದು ಹೇಗೆ, ಅದಕ್ಕೆ ಯಂತ್ರಬುದ್ಧಿಯ ಸಹಾಯವನ್ನು ಎಷ್ಟರಮಟ್ಟಿಗೆ ಪಡೆಯಬಹುದು ಎಂಬುದೇ ಈ ಪಾಠದ ವಿಷಯ.

ಕಿರ್ದಿಯ ಸ್ವರೂಪ

ಅಂಗಡಿಯ ಕಿರ್ದಿ ಪುಸ್ತಕ ಧಣಿಯ ಗಲ್ಲೆಯ ಬಳಿ ಇರುತ್ತದೆ. ಅವನು ತೋರಿಸಿದರೆ ಮಾತ್ರ ನಾವು ನೋಡಬಹುದು. ಬ್ಲಾಕ್‌ಚೈನ್ ಎಂಬುದು ಹಾಗಲ್ಲ. ಅದು ಸಾವಿರಾರು ಗಣಕಯಂತ್ರಗಳಲ್ಲಿ ಒಂದೇ ರೀತಿಯಾಗಿ ಇರುವ ಬಹಿರಂಗ ಕಿರ್ದಿ. ಇದರಲ್ಲಿ ಮೊದಲನೆಯದಾದ ಬಿಟ್‌ಕಾಯಿನ್ 2009ರ ಜನವರಿಯಲ್ಲಿ ಆರಂಭವಾಯಿತು. ನಾವಿಲ್ಲಿ ಉದಾಹರಣೆಗೆ ತೆಗೆದುಕೊಳ್ಳುವ ಇಥೀರಿಯಮ್ 2015ರ ಜುಲೈಯಲ್ಲಿ ಪ್ರಾರಂಭವಾಯಿತು. ಅದಕ್ಕೆ ಸುಮಾರು 12 ಸೆಕೆಂಡಿಗೊಂದು ಹೊಸ ಪುಟ ಸೇರುತ್ತದೆ. ಈ ಪುಟಕ್ಕೇ ಬ್ಲಾಕ್ ಎಂದು ಹೆಸರು. ಪ್ರತಿಯೊಂದು ವ್ಯವಹಾರಕ್ಕೂ 64 ಅಂಕಿ-ಅಕ್ಷರಗಳ ಒಂದು ಗುರುತು ಇರುತ್ತದೆ. ಇದನ್ನು ನಾವು ರಸೀದಿ ಸಂಖ್ಯೆ ಎಂದು ಕರೆಯೋಣ. ಹಣ ಕಳುಹಿಸಿದೆನೆಂದು ಹೇಳುವವನಿಂದ ಮೊದಲು ಕೇಳತಕ್ಕದ್ದು ಚಿತ್ರವನ್ನಲ್ಲ, ಈ ಸಂಖ್ಯೆಯನ್ನು.

ಯಂತ್ರಬುದ್ಧಿಗೆ ಕಣ್ಣು ಕೊಡುವುದು

ಯಂತ್ರಬುದ್ಧಿಯು ತಾನು ಕಲಿತ ಬರಹಗಳ ಬಲದಿಂದ ಮಾತನಾಡುತ್ತದೆ. ನಿನ್ನೆ ನಡೆದ ವ್ಯವಹಾರ ಅದರ ಕಲಿಕೆಯಲ್ಲಿ ಇರುವುದಿಲ್ಲ. ಆದರೂ ಕೇಳಿದರೆ ಕೆಲವೊಮ್ಮೆ ಧೈರ್ಯವಾಗಿ ಒಂದು ಉತ್ತರವನ್ನು ಕಟ್ಟಿ ಹೇಳಿಬಿಡುವುದುಂಟು. ಆದಕಾರಣ ಬರಿಯ ಯಂತ್ರಬುದ್ಧಿಯನ್ನು ಕೇಳಿ ಪ್ರಯೋಜನವಿಲ್ಲ. ಕಿರ್ದಿಯನ್ನು ತೆರೆದು ನೋಡುವ ಸಾಧನವನ್ನು ಅದರ ಕೈಗೆ ಕೊಡಬೇಕು. ಗಣಕಯಂತ್ರದಲ್ಲಿ ಆಜ್ಞೆಗಳನ್ನು ನಡೆಸಿ ಕೆಲಸ ಮಾಡುವ ಅಧಿಕಾರ ಪಡೆದ ಯಂತ್ರಬುದ್ಧಿಯನ್ನೇ ಏಜೆಂಟ್ ಎನ್ನುವುದು.

ಕಮಾಂಡ್ ಲೈನ್ ಎಂದರೆ ಗುಂಡಿ, ಚಿತ್ರಗಳಿಲ್ಲದೆ ಒಂದು ಸಾಲು ಬರೆದು ಗಣಕಯಂತ್ರಕ್ಕೆ ಆಜ್ಞೆ ಕೊಡುವ ಕ್ರಮ. ಫೌಂಡ್ರಿ ಎಂಬ ಉಚಿತ ಸಲಕರಣೆಗಳ ಕಟ್ಟಿನಲ್ಲಿ ‘ಕಾಸ್ಟ್’ ಎಂಬ ಇಂಥದೊಂದು ಉಪಕರಣವಿದೆ. ‘ಕಾಸ್ಟ್ ರಿಸೀಟ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಮುಂದೆ ರಸೀದಿ ಸಂಖ್ಯೆಯನ್ನೂ, ಕಿರ್ದಿಯ ಪ್ರತಿಯನ್ನು ಇಟ್ಟುಕೊಂಡಿರುವ ಯಾವುದಾದರೊಂದು ಯಂತ್ರದ ವಿಳಾಸವನ್ನೂ ಕೊಟ್ಟರೆ, ಆ ವ್ಯವಹಾರದ ವಿವರ ಬರುತ್ತದೆ. ‘ಕಾಸ್ಟ್ ಬ್ಯಾಲೆನ್ಸ್’ ಒಂದು ಖಾತೆಯಲ್ಲಿರುವ ಈಥರ್ ಶಿಲ್ಕನ್ನು ಹೇಳುತ್ತದೆ. ‘ಕಾಸ್ಟ್ ಟು-ಡೆಕ್’ ಗಣಕಯಂತ್ರದ ಹದಿನಾರರ ಮಾನದ ಸಂಖ್ಯೆಯನ್ನು ನಮ್ಮ ಹತ್ತರ ಮಾನಕ್ಕೆ ತಿರುಗಿಸುತ್ತದೆ.

ಏಜೆಂಟನ್ನು ಇದಕ್ಕೆ ಜೋಡಿಸುವುದು ಕಷ್ಟವಲ್ಲ. ಕಾಸ್ಟ್ ಇರುವ ಗಣಕಯಂತ್ರದಲ್ಲಿ ಏಜೆಂಟನ್ನು ತೆರೆದು, ಕೆಲಸದ ಕಡತದಲ್ಲಿ ಒಂದು ಸೂಚನಾಪತ್ರ ಬರೆದಿಟ್ಟರೆ ಸಾಕು. ಅದರ ಒಕ್ಕಣೆ ಹೀಗಿರಬಹುದು:

“ವ್ಯವಹಾರದ ವಿಷಯದಲ್ಲಿ ನೆನಪಿನಿಂದ ಉತ್ತರ ಕೊಡಬೇಡ. ಕಾಸ್ಟಿನ ರಿಸೀಟ್, ಬ್ಯಾಲೆನ್ಸ್, ಬ್ಲಾಕ್, ಟು-ಡೆಕ್ ಎಂಬ ಆಜ್ಞೆಗಳನ್ನು ಮಾತ್ರ ಬಳಸು. ನಡೆಸಿದ ಆಜ್ಞೆಯನ್ನೂ ಬಂದ ಉತ್ತರವನ್ನೂ ಇದ್ದ ಹಾಗೆಯೇ ಮೊದಲು ತೋರಿಸು. ಅರ್ಥವನ್ನು ಆಮೇಲೆ ಕನ್ನಡದಲ್ಲಿ ಹೇಳು. ಉತ್ತರ ಬಾರದಿದ್ದರೆ ಬರಲಿಲ್ಲವೆಂದೇ ಹೇಳು.”

ಇದರಲ್ಲಿ ಮೂರನೆಯ ವಾಕ್ಯವೇ ಮುಖ್ಯವಾದದ್ದು. ಗುಮಾಸ್ತನ ಮಾತಿಗೆ ವೋಚರು ಹೇಗೋ, ಏಜೆಂಟನ ಮಾತಿಗೆ ಈ ಮೂಲ ಉತ್ತರ ಹಾಗೆ. ವೋಚರಿಲ್ಲದ ಲೆಕ್ಕವನ್ನು ನಾವು ಒಪ್ಪುವುದಿಲ್ಲವಷ್ಟೆ.

ಓದುವಾಗ ನೋಡತಕ್ಕ ನಾಲ್ಕು ಅಂಶಗಳು

ಮೊದಲನೆಯದು, ಸ್ಥಿತಿ. ರಸೀದಿಯಲ್ಲಿ ‘ಸ್ಟೇಟಸ್’ ಎದುರಿಗೆ 1 ಇದ್ದರೆ ವ್ಯವಹಾರ ನೆರವೇರಿದೆ. 0 ಇದ್ದರೆ ನೆರವೇರಿಲ್ಲ. ಕಿರ್ದಿಗೆ ಏರಿದ್ದೆಲ್ಲವೂ ಸಂದಾಯವಾದದ್ದಲ್ಲ. 1 ಇದ್ದರೂ ಆ ಪುಟ ಪಕ್ಕಾ ಆಗಲು ಸಾಮಾನ್ಯವಾಗಿ 13 ನಿಮಿಷಗಳಷ್ಟು ಕಾಲ ಹಿಡಿಯುತ್ತದೆ, ಅಷ್ಟು ತಾಳಬೇಕು.

ಎರಡನೆಯದು, ಯಾರಿಗೆ. ಯುಎಸ್‌ಡಿಟಿ ಕಳುಹಿಸಿದಾಗ ರಸೀದಿಯ ತಲೆಯಲ್ಲಿ ‘ಟು’ ಎಂದು ಕಾಣುವುದು ಸಾಮಾನ್ಯವಾಗಿ ಆ ನಾಣ್ಯವನ್ನು ನಡೆಸುವ ಕರಾರಿನ ವಿಳಾಸ, ಹಣ ಪಡೆದವನದಲ್ಲ. ಪಡೆದವನ ವಿಳಾಸವು ಕೆಳಗೆ ‘ಲಾಗ್ಸ್’ ಎಂಬ ಭಾಗದಲ್ಲಿ ಇರುತ್ತದೆ. ಅದು ನಮ್ಮ ವಿಳಾಸವೇ ಎಂಬುದನ್ನು ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿ ಬಿಡದೆ ಪೂರ್ತಿಯಾಗಿ ಹೋಲಿಸಬೇಕು. ತುದಿಗಳಷ್ಟೇ ಹೋಲುವ ವಿಳಾಸಗಳನ್ನು ತಯಾರಿಸಿ ವಂಚಿಸುವವರು ಇದ್ದಾರೆ.

ಮೂರನೆಯದು, ಯಾವ ನಾಣ್ಯ. ಯುಎಸ್‌ಡಿಟಿ ಎಂಬ ಹೆಸರನ್ನಿಟ್ಟು ಯಾರು ಬೇಕಾದರೂ ಒಂದು ನಾಣ್ಯವನ್ನು ಹುಟ್ಟಿಸಬಹುದು. ಹೆಸರಿನಿಂದ ಅಸಲು ನಕಲಿ ಗೊತ್ತಾಗದು. ಟೆದರ್ ಸಂಸ್ಥೆಯೇ ಪ್ರಕಟಿಸಿರುವ ಕರಾರು ವಿಳಾಸಕ್ಕೂ ರಸೀದಿಯಲ್ಲಿರುವ ವಿಳಾಸಕ್ಕೂ ತಾಳೆ ನೋಡಬೇಕು. ಇದೇ ನಾಣ್ಯ ಟ್ರಾನ್ ಮೊದಲಾದ ಬೇರೆ ಕಿರ್ದಿಗಳಲ್ಲಿಯೂ ಓಡಾಡುತ್ತದೆ. ಟ್ರಾನಿನ ವ್ಯವಹಾರವನ್ನು ಇಥೀರಿಯಮ್ಮಿನಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ.

ನಾಲ್ಕನೆಯದು, ಎಷ್ಟು. ಕಿರ್ದಿಯಲ್ಲಿ ದಶಾಂಶ ಬಿಂದುವಿರುವುದಿಲ್ಲ. ಇಥೀರಿಯಮ್ಮಿನ ಯುಎಸ್‌ಡಿಟಿಗೆ 6 ಸ್ಥಾನಗಳು. ಆದ್ದರಿಂದ 250 ಯುಎಸ್‌ಡಿಟಿಯು 25,00,00,000 ಎಂದು ದಾಖಲಾಗುತ್ತದೆ. ಈಥರಿಗಾದರೋ 18 ಸ್ಥಾನಗಳು. ಏಜೆಂಟು ಎಡವುವುದು ಇಲ್ಲಿಯೇ. 18 ಸ್ಥಾನಗಳ ಲೆಕ್ಕ ಹಿಡಿದರೆ ಬಂದ ಹಣವೂ ಸೊನ್ನೆಯಾಗಿ ಕಾಣುತ್ತದೆ. ಸಂಖ್ಯೆಯನ್ನು ಉಪಕರಣದಿಂದಲೇ ಪರಿವರ್ತಿಸಿ, ಬಿಂದುವನ್ನು ನಾವು ಪೆನ್ಸಿಲು ಹಿಡಿದು ಇಡುವುದು ಲೇಸು.

ಬೀಗದ ವಿಚಾರ

ಕಾಸ್ಟ್ ಓದುವ ಉಪಕರಣ ಮಾತ್ರವಲ್ಲ. ‘ಕಾಸ್ಟ್ ಸೆಂಡ್’ ಎಂಬ ಆಜ್ಞೆಯಿಂದ ಹಣವನ್ನು ಕಳುಹಿಸಲೂ ಬಹುದು. ಸೂಚನಾಪತ್ರದಲ್ಲಿ ಬೇಡವೆಂದು ಬರೆದ ಮಾತ್ರಕ್ಕೆ ಸಾಲದು; ಬಾಗಿಲಿಗೆ ಚೀಟಿ ಅಂಟಿಸಿದರೆ ಬೀಗ ಹಾಕಿದಂತಾಗುವುದಿಲ್ಲ. ನಾಣ್ಯದ ಹೆಸರಿನಂಥ ಜಾಗದಲ್ಲಿ “ಹೀಗೆ ಮಾಡು” ಎಂದು ಏಜೆಂಟಿಗೆ ಆಜ್ಞೆ ಬರೆದಿಟ್ಟು ಅದರ ದಾರಿ ತಪ್ಪಿಸಲು ಯತ್ನಿಸುವವರೂ ಉಂಟು. ಓದುವ ಆಜ್ಞೆಗಳನ್ನಷ್ಟೇ ಬಿಟ್ಟು ಉಳಿದದ್ದಕ್ಕೆಲ್ಲ ನಮ್ಮನ್ನು ಕೇಳುವಂತೆ ಏಜೆಂಟಿನ ಅನುಮತಿಗಳನ್ನು ಗೊತ್ತುಮಾಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಖಾತೆಯ ಖಾಸಗಿ ಕೀಲಿಯನ್ನಾಗಲಿ, ಅದನ್ನು ಮರಳಿ ಪಡೆಯುವ 12 ಅಥವಾ 24 ಪದಗಳನ್ನಾಗಲಿ ಆ ಗಣಕಯಂತ್ರದಲ್ಲಿ ಇಡಲೇಕೂಡದು. ಓದುವುದಕ್ಕೆ ಕೀಲಿ ಬೇಕಿಲ್ಲ. ಕಿರ್ದಿ ನೋಡಲು ಯಾರಾದರೂ ಕೀಲಿ ಕೇಳಿದರೆ, ಅವರ ಉದ್ದೇಶ ಕಿರ್ದಿ ನೋಡುವುದಲ್ಲವೆಂದೇ ತಿಳಿಯತಕ್ಕದ್ದು.

ಇನ್ನೊಂದು ಮಿತಿಯನ್ನೂ ಮರೆಯಬಾರದು. ಈ ಕಿರ್ದಿಯಲ್ಲಿ ವಿಳಾಸಗಳಿವೆ, ಮನುಷ್ಯರ ಹೆಸರುಗಳಿಲ್ಲ. ಹಣ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಅದು ಹೇಳೀತು. ಆ ವಿಳಾಸ ಯಾರದೆಂದು ಹೇಳದು. ಮೋಸವಾಗಿದ್ದಲ್ಲಿ ರಸೀದಿ ಸಂಖ್ಯೆಯನ್ನೂ ಮೂಲ ಉತ್ತರವನ್ನೂ ಬರೆದಿಟ್ಟುಕೊಂಡು ತಡಮಾಡದೆ 1930 ಎಂಬ ಸರ್ಕಾರಿ ಸಹಾಯವಾಣಿಗೆ ತಿಳಿಸಬೇಕು.

ಅಭ್ಯಾಸ

1. ಅಸಲು ಯುಎಸ್‌ಡಿಟಿಯ ರಸೀದಿಯಲ್ಲಿ 1,75,00,000 ಎಂದಿದೆ. ಮೊತ್ತವೆಷ್ಟು?
2. ಸ್ಥಿತಿ 1 ಇದೆ, ವಿಳಾಸ ನಮ್ಮದೇ. ಆದರೆ ಕರಾರು ವಿಳಾಸ ತಾಳೆಯಾಗುವುದಿಲ್ಲ. ಹಣ ಬಂದಿತೇ?
3. ಏಜೆಂಟು “ಹಣ ಬಂದಿದೆ” ಎಂದಿತು, ಆಜ್ಞೆಯನ್ನಾಗಲಿ ಮೂಲ ಉತ್ತರವನ್ನಾಗಲಿ ತೋರಿಸಲಿಲ್ಲ. ಒಪ್ಪಬಹುದೇ?

ಉತ್ತರ: 1. ಹದಿನೇಳೂವರೆ ಯುಎಸ್‌ಡಿಟಿ. 2. ಬಂದಿಲ್ಲ, ಬಂದದ್ದು ಹೆಸರು ಮಾತ್ರ. 3. ಒಪ್ಪಲಾಗದು, ವೋಚರು ಕೇಳಿರಿ.