ಹತ್ತಕ್ಕೆ ಐದು ಬಂದ ಮಗುವಿಗೆ ಬಾರದ್ದೇನು?

ಪರೀಕ್ಷೆ ಮುಗಿದ ವಾರ ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚುತ್ತದೆ. ಕೆಂಪು ಪೆನ್ನು ಓಡುತ್ತದೆ: ಸರಿ, ತಪ್ಪು, ಒಟ್ಟು. ಅಂಕವಹಿ ತುಂಬುತ್ತದೆ, ಮರುದಿನ ಮುಂದಿನ ಪಾಠ ಶುರುವಾಗುತ್ತದೆ. ಆ ಪತ್ರಿಕೆಗಳಲ್ಲಿ ಮಕ್ಕಳು ಏನು ಬರೆದಿದ್ದರೆಂದು ಯಾರೂ ಮತ್ತೆ ತಿರುಗಿ ನೋಡುವುದಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಮಗುವಿನ ತಿಳಿವಳಿಕೆಯ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ನಡೆಯಬೇಕು ಎನ್ನುತ್ತದೆ. ಅದರಂತೆ ರಾಜ್ಯದ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ಬಂದವು. ಶಿಕ್ಷಕರ ಬಾಯಲ್ಲಿ ಇವು ಎಫ್‌ಎ, ಎಸ್‌ಎ. ಎಸ್‌ಎ ಕಲಿತದ್ದನ್ನು ಅಳೆಯಲು. ಎಫ್‌ಎ ಇರುವುದು ಕಲಿಸುವುದನ್ನು ತಿದ್ದಿಕೊಳ್ಳಲು. ಅಂಕ ತುಂಬುವ ಅವಸರದಲ್ಲಿ ಈ ಎರಡನೆಯದು ಮರೆತೇಹೋಗಿದೆ.

ತಿದ್ದುವ ಕೆಲಸ ಪ್ರಶ್ನೆ ಪತ್ರಿಕೆಯಿಂದಲೇ ಆರಂಭವಾಗಬೇಕು. ಪ್ರತಿ ಪ್ರಶ್ನೆಯ ಎದುರು ಅದು ಯಾವ ಕಲಿಕಾಫಲವನ್ನು ನೋಡುತ್ತದೆ ಎಂದು ಶಿಕ್ಷಕರು ತಮ್ಮ ಪ್ರತಿಯಲ್ಲಿ ಒಂದು ಸಾಲು ಬರೆದುಕೊಳ್ಳಲಿ. ಬರೆಯಲು ಏನೂ ತೋಚದ ಪ್ರಶ್ನೆಯನ್ನು ತೆಗೆದುಹಾಕಬಹುದು.

ಮುಂದಿನದು ತಿದ್ದುವ ಕ್ರಮ. ಒಂದು ಮಗುವಿನ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ತಿದ್ದುವ ಬದಲು, ಎಲ್ಲ ಮಕ್ಕಳ ಮೊದಲ ಪ್ರಶ್ನೆಯನ್ನು ತಿದ್ದಿ, ಆಮೇಲೆ ಎರಡನೆಯದಕ್ಕೆ ಹೋಗಬೇಕು. ಒಂದೇ ಪ್ರಶ್ನೆಗೆ ಬಂದ ಮೂವತ್ತು ಉತ್ತರಗಳನ್ನು ಸಾಲಾಗಿ ನೋಡಿದಾಗ, ತಪ್ಪುಗಳಲ್ಲೂ ಗುಂಪುಗಳಿರುವುದು ಕಾಣುತ್ತದೆ. ಮೇಜಿನ ಮೇಲೆ ಒಂದು ಖಾಲಿ ಹಾಳೆ ಇರಲಿ. ತಪ್ಪು ಉತ್ತರವನ್ನು ಇದ್ದ ಹಾಗೆಯೇ ಬರೆದು, ಪಕ್ಕದಲ್ಲಿ ಮಗುವಿನ ಹೆಸರು ಗುರುತು ಹಾಕಿಕೊಳ್ಳಬೇಕು.

ಅತಿ ಹೆಚ್ಚು ಮಂದಿ ಎಡವುವುದು ಇಲ್ಲೇ. ಮೂರನೇ ತರಗತಿಯ ಕಳೆಯುವ ಲೆಕ್ಕದ ಪತ್ರಿಕೆಯೊಂದನ್ನು ನೋಡೋಣ. ಹತ್ತು ಲೆಕ್ಕ, ಮಗುವಿಗೆ ಐದು ಅಂಕ, ಅಂದರೆ ಬಿ ಪ್ಲಸ್. ಕಳೆಯುವ ಲೆಕ್ಕ ಅರ್ಧ ಬರುತ್ತದೆ, ಅಭ್ಯಾಸ ಸಾಲದು ಎಂದು ಶಿಕ್ಷಕರು ತೀರ್ಮಾನಿಸುತ್ತಾರೆ. ಅದು ತಪ್ಪು ತೀರ್ಮಾನ. ಮಗು 59–26 ಸರಿಯಾಗಿ ಮಾಡಿ 33 ಎಂದಿದೆ. 62–38ಕ್ಕೆ 36, 71–45ಕ್ಕೆ 34, 80–23ಕ್ಕೆ 63 ಎಂದು ಬರೆದಿದೆ. ಮೇಲಿನದೋ ಕೆಳಗಿನದೋ ನೋಡದೆ, ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದುಬಿಟ್ಟಿದೆ. ಸರಿಯಾದ ಐದೂ ದಶಕ ರಹಿತ ಲೆಕ್ಕಗಳು, ತಪ್ಪಾದ ಐದೂ ದಶಕ ಸಹಿತ. ಈ ಮಗುವಿಗೆ ಒಂದು ಪೂರ್ತಿ ಬರುತ್ತದೆ, ಇನ್ನೊಂದು ಏನೇನೂ ಬರುವುದಿಲ್ಲ. ‘ಐದು’ ಎಂಬ ಅಂಕ ಇವೆರಡನ್ನೂ ಮುಚ್ಚಿಹಾಕಿತು.

ಅದೇ 80–23ಕ್ಕೆ ಪಕ್ಕದ ಮಗು 60 ಎಂದಿದೆ: ಸೊನ್ನೆಯಲ್ಲಿ ಮೂರು ಹೋಗುವುದಿಲ್ಲ, ಹಾಗಾಗಿ ಸೊನ್ನೆ. ಮತ್ತೊಂದು 67 ಎಂದಿದೆ; ಅದು ಹತ್ತನ್ನು ಸಾಲ ತಂದಿದೆ, ಆದರೆ ಎಂಟನ್ನು ಏಳು ಮಾಡುವುದನ್ನು ಮರೆತಿದೆ. ಮೂವರಿಗೂ ಬಿದ್ದದ್ದು ಒಂದೇ ಕೆಂಪು ಗೆರೆ, ಬೇಕಿದ್ದದ್ದು ಮೂರು ಬೇರೆ ಬೇರೆ ಪಾಠ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಅಮೆರಿಕದಲ್ಲಿ 1978ರಲ್ಲೇ ಇಂಥ ತಪ್ಪುಗಳನ್ನು ಬಿಡಿಸಿ ತೋರಿಸಿದ್ದರು. ಅನೇಕ ಮಕ್ಕಳ ತಪ್ಪು ಅಜಾಗರೂಕತೆಯದ್ದಲ್ಲ. ತಪ್ಪು ನಿಯಮವೊಂದನ್ನು ಅವರು ಚಾಚೂ ತಪ್ಪದೆ ಪಾಲಿಸುತ್ತಿರುತ್ತಾರೆ. ಅಂಥವರಿಗೆ ಇನ್ನೂ ಇಪ್ಪತ್ತು ಲೆಕ್ಕ ಮನೆಗೆಲಸ ಕೊಡುವುದು ಅನ್ಯಾಯ. ತಪ್ಪು ನಿಯಮ ಇಪ್ಪತ್ತು ಸಲ ಗಟ್ಟಿಯಾಗುತ್ತದೆ, ಅಷ್ಟೆ.

ಊಹೆ ಸರಿಯೇ ಎಂದು ತಿಳಿಯಲು ಗುಂಪಿಗೆ ಒಂದು ಮಗುವನ್ನು ಕರೆದು, “ಇದನ್ನು ಹೇಗೆ ಮಾಡಿದೆ, ಹೇಳು ಪುಟ್ಟ” ಎಂದು ಕೇಳಬೇಕು. ಕೇಳಿ ಸುಮ್ಮನಿರಬೇಕು, ನಡುವೆ ಬಾಯಿ ಹಾಕಿದರೆ ಮಗು ಶಿಕ್ಷಕರಿಗೆ ಬೇಕಾದ ಉತ್ತರವನ್ನೇ ಕೊಡುತ್ತದೆ.

ಮರುದಿನ ಆಯಾ ಗುಂಪಿಗೆ ಪರಿಹಾರ ಬೋಧನೆ. ಹತ್ತರ ಎಂಟು ಕಡ್ಡಿ ಕಟ್ಟು ಕೊಟ್ಟು 23 ಕಡ್ಡಿ ವಾಪಸ್ ಕೇಳಿ. ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚದೆ ಮೂರು ಕಡ್ಡಿ ಸಿಗುವುದಿಲ್ಲ. ಬಿಚ್ಚಿದ ಮೇಲೆ ಕಟ್ಟು ಏಳೇ ಉಳಿದದ್ದು ಕಣ್ಣಿಗೇ ಕಾಣುತ್ತದೆ. ಆಮೇಲಷ್ಟೇ ಕರಿಹಲಗೆ.

ಪತ್ರಿಕೆ ಹಿಂದಿರುಗಿಸುವಾಗಲೂ ಎಚ್ಚರ ಬೇಕು. ಇಸ್ರೇಲಿನ ಮಕ್ಕಳ ಮೇಲೆ ರೂತ್ ಬಟ್ಲರ್ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಟಿಪ್ಪಣಿ ಪಡೆದವರು ಸುಧಾರಿಸಿದರು. ಟಿಪ್ಪಣಿಯ ಜೊತೆ ಅಂಕವನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಅಂಕ ಕಂಡ ಮಗು ಪಕ್ಕದವರ ಅಂಕ ನೋಡುತ್ತದೆಯೇ ಹೊರತು ಟಿಪ್ಪಣಿ ಓದುವುದಿಲ್ಲ. ಆದ್ದರಿಂದ ಅಂಕ ಅಂಕವಹಿಯಲ್ಲಿರಲಿ, ಪತ್ರಿಕೆಯ ಮೇಲೆ ಒಂದೇ ವಾಕ್ಯ ಸಾಕು: “ಹತ್ತು ಸಾಲ ತಂದದ್ದು ಸರಿ, ಕೊಟ್ಟ ಎಂಟು ಈಗ ಎಷ್ಟಾಯಿತು?” ‘ಗಮನವಿಟ್ಟು ಮಾಡು’ ಎಂಬ ಟಿಪ್ಪಣಿಯಿಂದ ಯಾವ ಮಗುವೂ ಏನೂ ಕಲಿತಿಲ್ಲ.

ವಾರದೊಳಗೆ ಮೂರೇ ಲೆಕ್ಕದ ಮರುಪರೀಕ್ಷೆ ಮಾಡಿ, 90–46ರಂಥ ಸೊನ್ನೆಯ ಲೆಕ್ಕ ಒಂದಾದರೂ ಅದರಲ್ಲಿರಲಿ. ಹಳೆಯ, ಹೊಸ ಪತ್ರಿಕೆ ಎರಡನ್ನೂ ಕೃತಿ ಸಂಪುಟದಲ್ಲಿಟ್ಟು, ಪೋಷಕರ ಸಭೆಯಲ್ಲಿ ಗ್ರೇಡ್ ಓದಿ ಹೇಳುವ ಬದಲು ಅವನ್ನೇ ತೋರಿಸಬಹುದು. ಇಷ್ಟಕ್ಕೆ ಮುಖ್ಯವಾಗಿ ಬೇಕಾದದ್ದು ಒಂದು ಅವಧಿ. ಪ್ರತಿ ಎಫ್‌ಎ ನಂತರದ ವೇಳಾಪಟ್ಟಿಯಲ್ಲಿ ಮುಖ್ಯ ಶಿಕ್ಷಕರು ಆ ಅವಧಿಯನ್ನು ಬಿಡಿಸಿ ಕೊಡಬೇಕು.