ಇಪ್ಪತ್ತು ಹಲ್ಲಿನ ಲೆಕ್ಕ

ಪೀಣ್ಯದ ಸಣ್ಣ ಶಾಪ್‌ಗಳಿಗೆ ಡ್ರಾಯಿಂಗ್ ಮಾಡಿಕೊಡುವ ನನ್ನ ಬಳಿ ಹೆಚ್ಚಾಗಿ ಬರುವುದು ಸವೆದ ಗೇರ್‌ಗಳು. ‘ಸೇಮ್ ಇದೇ ಥರ ಒಂದು ಬೇಕು ಸಾರ್’ ಅಂತ ಗ್ರೀಸ್ ಮೆತ್ತಿದ ತುಂಡನ್ನು ಮೇಜಿನ ಮೇಲಿಟ್ಟು ಹೋಗುತ್ತಾರೆ. ಹೊಸದಾಗಿ ಕ್ಯಾಡ್ ಕಲಿತ ಹುಡುಗರು ಅದರ ಫೋಟೊ ತೆಗೆದು, ಸಾಫ್ಟ್‌ವೇರಿಗೆ ಹಾಕಿ, ಹಲ್ಲಿನ ಅಂಚಿಗೆ ಸ್ಪ್ಲೈನ್ ಎಳೆಯಲು ಶುರುಮಾಡುತ್ತಾರೆ. ಚಿತ್ರವೇನೋ ಚೆನ್ನಾಗಿ ಬರುತ್ತದೆ, ಸವೆತವೂ ಅದರ ಜೊತೆಗೇ ನಕಲಾಗುತ್ತದೆ.

ನಾನು ಮೊದಲು ಹಿಡಿಯುವುದು ವರ್ನಿಯರ್. ಹಲ್ಲು ಎಣಿಸಿ, ಅದಕ್ಕೆ 2 ಸೇರಿಸಿ, ಬಂದ ಸಂಖ್ಯೆಯಿಂದ ಹೊರವ್ಯಾಸವನ್ನು ಭಾಗಿಸಿದರೆ ಮಾಡ್ಯೂಲ್ ಸಿಗುತ್ತದೆ. 20 ಹಲ್ಲು, 44 ಮಿ.ಮೀ. ವ್ಯಾಸವಾದರೆ ಮಾಡ್ಯೂಲ್ 2. ಅಳತೆ 43.8 ಬಂದರೂ ನಾನು 2 ಎಂದೇ ಹಿಡಿಯುತ್ತೇನೆ. 1.99 ಮಾಡ್ಯೂಲಿನ ಕಟರ್ ಯಾರ ಹತ್ತಿರವೂ ಇರುವುದಿಲ್ಲ.

ಪ್ರೆಶರ್ ಆಂಗಲ್ ಮಾತ್ರ ಕಣ್ಣಂದಾಜಿಗೆ ಸಿಗುವುದಿಲ್ಲ. ಈಗಿನವು ಬಹುಪಾಲು 20 ಡಿಗ್ರಿ, ಹಳೆಯ ಯಂತ್ರಗಳಲ್ಲಿ 14.5 ಕೂಡ ಇರುತ್ತದೆ. ವರ್ನಿಯರಿನ ದವಡೆಯಲ್ಲಿ ಮೂರು ಹಲ್ಲನ್ನು ಒಟ್ಟಿಗೆ ಹಿಡಿದು ಅಳೆಯಿರಿ, ಆಮೇಲೆ ಎರಡನ್ನು. ಒಂದರಲ್ಲಿ ಇನ್ನೊಂದನ್ನು ಕಳೆಯಿರಿ. ಈ ಮಾಡ್ಯೂಲಿಗೆ 5.90 ಸುತ್ತಮುತ್ತ ಬಂದರೆ 20 ಡಿಗ್ರಿ, 6.08 ಬಂದರೆ 14.5. ಹಲ್ಲುಗಳು ಒಂದೇ ಸಮ ಸವೆದಿದ್ದರೆ ಕಳೆಯುವಾಗ ಸವೆತವೂ ಕಳೆದುಹೋಗುತ್ತದೆ. ನನಗೆ ಅತ್ಯಂತ ಇಷ್ಟವಾದ ಅಳತೆ ಇದೇ.

ಇನ್ನು ಕ್ಯಾಡ್. ಪಿಚ್ ಸರ್ಕಲ್ 40, ಬೇಸ್ ಸರ್ಕಲ್ 37.59, ಬುಡದ ವೃತ್ತ 35. ಹಲ್ಲಿನ ಬದಿಯ ಇನ್ವಾಲ್ಯೂಟ್ ಗೆರೆ ಹುಟ್ಟುವುದು ಬೇಸ್ ಸರ್ಕಲ್ಲಿನಲ್ಲಿ. ಅದರ ಕೆಳಗೆ ಆ ಗೆರೆ ಇಲ್ಲವೇ ಇಲ್ಲ, ಎಷ್ಟು ಹುಡುಕಿದರೂ ಸಮೀಕರಣ ಅದನ್ನು ಕೊಡುವುದಿಲ್ಲ. ಅಲ್ಲಿಂದ ಬುಡದವರೆಗೆ ಕೇಂದ್ರದತ್ತ ನೇರ ಗೆರೆ ಎಳೆದು ಮೂಲೆಗೆ ಫಿಲೆಟ್ ಕೊಟ್ಟರೆ ಆಯಿತು. 42 ಹಲ್ಲು ದಾಟಿದ ಗೇರ್‌ಗಳಲ್ಲಿ ಬುಡವೇ ಬೇಸ್ ಸರ್ಕಲ್ಲಿಗಿಂತ ಮೇಲಿರುವುದರಿಂದ ಈ ತಾಪತ್ರಯವಿಲ್ಲ.

ಒಂದು ಬದಿ ಆದಮೇಲೆ ಇನ್ನೊಂದಕ್ಕೆ ಮಿರರ್. 20 ಹಲ್ಲೆಂದರೆ ಅರ್ಧ ಹಲ್ಲಿಗೆ 4.5 ಡಿಗ್ರಿ ಎಂದು ಲೆಕ್ಕ ಹಾಕಿ, ಇನ್ವಾಲ್ಯೂಟ್ ಹುಟ್ಟುವ ಬಿಂದುವಿನಿಂದ ಅಷ್ಟೇ ದೂರದಲ್ಲಿ ಕನ್ನಡಿ ಗೆರೆ ಇಡುವವರು ಬಹಳ. ಆದರೆ 4.5 ಎಣಿಸಬೇಕಾದ್ದು ಪಿಚ್ ಸರ್ಕಲ್ಲಿನಿಂದ. ಅಲ್ಲಿಗೆ ತಲುಪುವಷ್ಟರಲ್ಲಿ ಗೆರೆ 0.854 ಡಿಗ್ರಿ ವಾಲಿರುತ್ತದೆ, ಹಾಗಾಗಿ ಕನ್ನಡಿ 5.354ರಲ್ಲಿ ನಿಲ್ಲಬೇಕು. ಇಲ್ಲದಿದ್ದರೆ ಹಲ್ಲು 3.14ರ ಬದಲು 2.55 ಮಿ.ಮೀ. ದಪ್ಪ ಬರುತ್ತದೆ. ಒಂಟಿ ಗೇರನ್ನು ತೆರೆಯ ಮೇಲೆ ನೋಡಿದರೆ ಯಾರಿಗೂ ಗೊತ್ತಾಗದು, ಜೋಡಿಸಿದಾಗ ಲಟಲಟ ಅನ್ನುತ್ತದೆ. ಆಮೇಲೆ ಒಂದು ಸಂದು ಕತ್ತರಿಸಿ, ಫಿಲೆಟ್ ಸಮೇತ ಸುತ್ತಲೂ ಪ್ಯಾಟರ್ನ್ ಮಾಡುವುದು ಎಲ್ಲರಿಗೂ ಗೊತ್ತಿರುವ ಕೆಲಸ.

ಫ್ರೀಕ್ಯಾಡ್‌ನಲ್ಲಿ ಇದಕ್ಕೆಲ್ಲ ಸಿದ್ಧ ಬಟನ್ನೇ ಇದೆಯಲ್ಲ ಎನ್ನಬಹುದು. ಇದೆ, ನಾನೂ ಬಳಸುತ್ತೇನೆ. ಆದರೂ ಮೌಸ್ ಮುಟ್ಟುವ ಮೊದಲು ಈ ಹಲ್ಲನ್ನು ಕೊರೆಯುವವರು ಯಾರು ಎಂದು ಕೇಳಿಕೊಳ್ಳದೆ ಇರುವುದಿಲ್ಲ. ಹಾಬಿಂಗ್ ಮಷಿನ್ನಿಗೆ ಹೋಗುವ ಗೇರಾದರೆ ನಾನು ಬರೆದ ಹಲ್ಲು ಬರೀ ಶೋಕಿ, ಆಕಾರ ಕೊಡುವುದು ಕಟರ್. ಬ್ಲಾಂಕಿನ ಡ್ರಾಯಿಂಗ್, ಮಾಡ್ಯೂಲ್, ಹಲ್ಲಿನ ಸಂಖ್ಯೆ, ಆಂಗಲ್, ಮೂರು ಹಲ್ಲಿನ ಮೇಲಿನ ಅಳತೆ 15.32, ಅದರ ಟಾಲರೆನ್ಸ್: ಇಷ್ಟು ಬರೆದು ಕೊಟ್ಟರೆ ಅವರು ಮಾಡೆಲ್ ಕೇಳುವುದೂ ಇಲ್ಲ. ವೈರ್ ಕಟ್, ಮೋಲ್ಡ್, ತ್ರೀಡಿ ಪ್ರಿಂಟ್ ಆದರೆ ಮಾಡೆಲ್ಲಿನ ಪ್ರತಿ ಗೆರೆಯೂ ಲೋಹಕ್ಕೋ ಪ್ಲಾಸ್ಟಿಕ್ಕಿಗೋ ಇಳಿಯುತ್ತದೆ. ಆಗ ಲೆಕ್ಕದ ದಪ್ಪವನ್ನೇ ಇಟ್ಟರೆ ಗೇರ್ ಬಿಗಿದು ನಿಲ್ಲುತ್ತದೆ, ಒಂದಿಷ್ಟು ಬ್ಯಾಕ್‌ಲ್ಯಾಶ್ ಬೇಕೇ ಬೇಕು. 18ನೇ ಶತಮಾನದಲ್ಲಿ ಆಯ್ಲರ್ ಗೇರ್ ಹಲ್ಲಿಗೆ ಸೂಚಿಸಿದ ಈ ಇನ್ವಾಲ್ಯೂಟ್ ಇಲ್ಲಿ ಕೈಹಿಡಿಯುತ್ತದೆ. ಎರಡು ಶಾಫ್ಟ್‌ಗಳ ನಡುವಿನ ದೂರವನ್ನು ತುಸು ಹೆಚ್ಚಿಸಿದರೂ ವೇಗದ ಅನುಪಾತ ಕೆಡುವುದಿಲ್ಲ. ದೂರ 0.1 ಮಿ.ಮೀ. ಹೆಚ್ಚಾದರೆ ಸುಮಾರು 0.07 ಸಡಿಲ ಸಿಗುತ್ತದೆ. ಹೌಸಿಂಗ್ ಕೂಡ ನನ್ನದೇ ಡ್ರಾಯಿಂಗಾದರೆ ಹೀಗೆ ಮಾಡುತ್ತೇನೆ, ಇಲ್ಲದಿದ್ದರೆ ಹಲ್ಲನ್ನೇ ತೆಳ್ಳಗೆ ಮಾಡಬೇಕು.

ಅಂದಹಾಗೆ, ಹಲ್ಲಿದ್ದದ್ದೆಲ್ಲ ನಮ್ಮವರ ಬಾಯಲ್ಲಿ ಗೇರೇ. ಸೈಕಲ್ಲಿನ ಚೈನ್ ವೀಲ್ ತಂದಿಟ್ಟು ‘ಗೇರ್ ಮಾಡ್ಕೊಡಿ’ ಎನ್ನುವವರೂ ಇದ್ದಾರೆ. ಅದಕ್ಕೆ ಈ ಯಾವ ಲೆಕ್ಕವೂ ಬೇಡ. ಚೈನಿನ ಪಿಚ್ 12.7 ಮಿ.ಮೀ., ಜೊತೆಗೆ ರೋಲರಿನ ವ್ಯಾಸ, ಹಲ್ಲಿನ ಸಂಖ್ಯೆ ಹಿಡಿದುಕೊಂಡು ರೋಲರ್ ಕೂರುವ ಕುಳಿಯಿಂದಲೇ ಶುರುಮಾಡುತ್ತೇನೆ.