ಇಪ್ಪತ್ತೆರಡು ಪಂದ್ಯಗಳು, ಒಂದು ಸಂಜೆ

ಅಹಮದಾಬಾದು ನಗರದ ಪಶ್ಚಿಮ ಭಾಗದಲ್ಲಿ ವಸ್ತ್ರಾಪುರವೆಂಬ ಬಡಾವಣೆಯಿದೆ. ಗುಜರಾತಿಗಳು ತಮ್ಮ ಆದಿಕವಿಯೆಂದು ಗೌರವಿಸುವ ನರಸಿಂಹ ಮೆಹ್ತಾ ಅವರ ಹೆಸರನ್ನು ಹೊತ್ತ ಕೆರೆಯೊಂದು ಅಲ್ಲಿದೆ. ೨೦೧೭ನೆಯ ಆಗಸ್ಟ್ ತಿಂಗಳಿನಲ್ಲಿ ನಾವು ಆ ಬಡಾವಣೆಯ ಬಂಧುಗಳ ಮನೆಯಲ್ಲಿ ಕೆಲವು ದಿನ ತಂಗಿದ್ದೆವು. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಗುಜರಾತಿಯನ್ನೂ ಆಡುತ್ತ ಬೆಳೆದ ಆ ಮನೆಯ ಹುಡುಗನು ನಮ್ಮನ್ನು ಕಂಡೊಡನೆ ಹೇಳಿದ ಮೊದಲ ಸುದ್ದಿ ಇದು: “ದೊಡ್ಡಪ್ಪ, ನಮ್ಮೂರಿನ ಕಬಡ್ಡಿ ತಂಡಕ್ಕೆ ನಿಮ್ಮ ಕಡೆಯವರೇ ನಾಯಕರು!” ‘ನಮ್ಮೂರು’ ಯಾವುದು, ‘ನಿಮ್ಮ ಕಡೆ’ ಯಾವುದು ಎಂಬುದನ್ನು ಅವನು ಆಗಲೇ ನಿರ್ಧರಿಸಿಬಿಟ್ಟಿದ್ದನು.

ಅವನು ಹೇಳಿದ್ದು ನಿಜ. ಪ್ರೊ ಕಬಡ್ಡಿ ಲೀಗ್ ೨೦೧೪ರಲ್ಲಿ ಎಂಟು ತಂಡಗಳಿಂದ ಪ್ರಾರಂಭವಾಯಿತು. ಐದನೆಯ ಋತುವಾದ ೨೦೧೭ರಲ್ಲಿ ಗುಜರಾತ್, ಹರಿಯಾಣ, ಉತ್ತರ ಪ್ರದೇಶ, ತಮಿಳುನಾಡುಗಳ ಹೆಸರಿನಲ್ಲಿ ನಾಲ್ಕು ಹೊಸ ತಂಡಗಳು ಸೇರಿ ಒಟ್ಟು ಹನ್ನೆರಡಾದವು. ಅಹಮದಾಬಾದನ್ನು ನೆಲೆಯಾಗಿಸಿಕೊಂಡ ಗುಜರಾತ್ ಫಾರ್ಚೂನ್ ಜೈಂಟ್ಸ್ ತಂಡಕ್ಕೆ ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ ಅವರು ನಾಯಕರಾದರು. ಮನ್‌ಪ್ರೀತ್ ಸಿಂಗ್ ಅವರು ತರಬೇತುದಾರರಾದರು. ಹೆಗ್ಡೆಯವರು ಅದಕ್ಕೆ ಮೊದಲು ತೆಲುಗು ಟೈಟನ್ಸ್ ತಂಡದಲ್ಲಿ ದಾಳಿಗಾರರಾಗಿ ಹೆಸರಾದವರು. ಹೀಗೆ ಕನ್ನಡಿಗನೊಬ್ಬನು ತೆಲುಗರ ತಂಡವನ್ನು ಬಿಟ್ಟು ಗುಜರಾತಿಗಳಿಗೆ ನಾಯಕನಾಗುವುದು ವೃತ್ತಿಪರ ಕ್ರೀಡೆಯಲ್ಲಿ ಮಾತ್ರ ಸಾಧ್ಯವಾದ ಸಂಗತಿ. ಆ ವರ್ಷ ನಮ್ಮ ಬೆಂಗಳೂರು ಬುಲ್ಸ್ ತಂಡವಂತೂ ತನ್ನ ತವರಿನ ಪಂದ್ಯಗಳನ್ನು ನಾಗಪುರದಲ್ಲಿ ಆಡಬೇಕಾಯಿತು.

ಒಂದು ಸಂಜೆ ಸಾಬರಮತಿಯ ಸೇತುವೆಯನ್ನು ದಾಟಿ ಕಾಂಕರಿಯಾ ಕೆರೆಯ ಬಳಿಯಿರುವ ಕ್ರೀಡಾಂಗಣಕ್ಕೆ ಹೋದೆವು. ಬಯಲು ಮೈದಾನವಾಗಿಯೂ ಒಳಾಂಗಣವಾಗಿಯೂ ಮಾರ್ಪಡಬಲ್ಲ ಆ ಕಟ್ಟಡದಲ್ಲಿ ಹಿಂದಿನ ವರ್ಷ, ಎಂದರೆ ೨೦೧೬ರ ಅಕ್ಟೋಬರಿನಲ್ಲಿ, ಕಬಡ್ಡಿಯ ವಿಶ್ವಕಪ್ ನಡೆದಿತ್ತು. ಮೊದಲ ಪಂದ್ಯದಲ್ಲಿಯೇ ಭಾರತವನ್ನು ದಕ್ಷಿಣ ಕೊರಿಯಾ ೩೪-೩೨ರಿಂದ ಸೋಲಿಸಿ ಎಲ್ಲರನ್ನೂ ಬೆರಗುಗೊಳಿಸಿತು. ಕೊನೆಯ ಪಂದ್ಯದಲ್ಲಿ ಇರಾನ್ ಅರ್ಧಕಾಲದವರೆಗೆ ಮುಂದಿದ್ದು, ಅನಂತರ ಭಾರತಕ್ಕೆ ೩೮-೨೯ರಿಂದ ಸೋತಿತು. ಆ ಇರಾನ್ ತಂಡದಲ್ಲಿದ್ದ ಫಜೆಲ್ ಅತ್ರಾಚಲಿ, ಅಬೋಜರ್ ಮಿಘಾನಿ ಎಂಬಿಬ್ಬರೇ ಮರುವರ್ಷ ಗುಜರಾತ್ ತಂಡದ ಎರಡು ಮೂಲೆಗಳನ್ನು ಕಾಯುವವರಾದರು. ಹತ್ತು ತಿಂಗಳ ಹಿಂದೆ ಯಾರು ಸೋಲಲೆಂದು ಆ ಊರಿನ ಜನ ಕೂಗಿದ್ದರೋ ಅವರೇ ಈಗ ತಮ್ಮ ಮನೆಯವರು! ಕೂಗುವವರಿಗೆ ಇದರಿಂದ ಯಾವ ಮುಜುಗರವೂ ಆದಂತೆ ನಮಗೆ ಕಾಣಲಿಲ್ಲ.

ಈ ತಂಡದ ಬಲವೆಲ್ಲಿತ್ತು ಎಂಬುದನ್ನು ತಿಳಿಯಲು ಆಟದ ಅಂಗರಚನೆಯನ್ನು ಸ್ವಲ್ಪ ನೋಡಬೇಕು. ಅಂಕಣವು ೧೩ ಮೀಟರ್ ಉದ್ದ, ೧೦ ಮೀಟರ್ ಅಗಲ. ನಡುಗೆರೆಯಿಂದ ಎರಡು ಸಮಭಾಗ. ಒಂದೊಂದು ಕಡೆ ಏಳು ಜನ. ದಾಳಿಗಾರನಿಗೆ ಮೂವತ್ತು ಸೆಕೆಂಡುಗಳ ಅವಧಿ. ನಡುಗೆರೆಯಿಂದ ೩.೭೫ ಮೀಟರ್ ದೂರದ ಗೆರೆಯನ್ನಾದರೂ ದಾಟದೆ, ಯಾರನ್ನೂ ಮುಟ್ಟದೆ ಹಿಂದಿರುಗಿದರೆ ಅವನೇ ಔಟ್. ಅದಕ್ಕೂ ಒಂದು ಮೀಟರ್ ಆಚೆ ಬೋನಸ್ ಗೆರೆ. ಎದುರು ಆರು ಮಂದಿಗೆ ಕಡಿಮೆಯಿಲ್ಲದಿದ್ದರೆ ಮಾತ್ರ ಅದನ್ನು ದಾಟಿದ್ದಕ್ಕೆ ಒಂದು ಅಂಕ. ಇಷ್ಟು ನಮ್ಮ ವಿದ್ಯಾರ್ಥಿಗಳಿಗೆ ತಿಳಿದದ್ದೇ.

ಕಾಯುವವರ ಕಲೆ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಮೂಲೆಯಲ್ಲಿ ನಿಂತವನು ದಾಳಿಗಾರನ ಪಾದವನ್ನೇ ನೋಡುತ್ತಿರುತ್ತಾನೆ. ದಾಳಿಗಾರನು ಬೋನಸ್ ಗೆರೆಯತ್ತ ಕಾಲನ್ನು ಚಾಚಿದ ಕ್ಷಣದಲ್ಲಿ ಅವನ ದೇಹದ ಭಾರವೆಲ್ಲ ಹಿಂದಿನ ಕಾಲಿನ ಮೇಲಿರುತ್ತದೆ. ಚಾಚಿದ ಕಾಲಿನ ಹರಡನ್ನು ಆಗ ಹಿಡಿದರೆ ಅವನಿಗೆ ಬಿಡಿಸಿಕೊಳ್ಳುವ ಶಕ್ತಿಯಿಲ್ಲ. ಅರ್ಧ ಕ್ಷಣ ಮೊದಲು ಹಿಡಿಯಲು ಹೋದರೆ ಮುಟ್ಟಿಸಿಕೊಂಡಂತಾಯಿತು, ತಡವಾದರೆ ಅವನು ಓಡಿದನು. ಹಾಗೆ ಹಿಡಿದ ಮೇಲೂ ಒಬ್ಬನಿಂದಲೇ ಕೆಲಸ ಮುಗಿಯದು. ಮೂಲೆಯವನ ಪಕ್ಕದಲ್ಲಿ ನಿಂತವನು ಕೂಡಲೇ ಮುನ್ನುಗ್ಗಿ ನಡುಗೆರೆಯ ದಾರಿಯನ್ನು ಕಟ್ಟಬೇಕು. ಗುಜರಾತಿನಲ್ಲಿ ಇರಾನಿನ ಇಬ್ಬರ ಪಕ್ಕದಲ್ಲಿ ಸುನಿಲ್ ಕುಮಾರ್, ಪರ್ವೇಶ್ ಭೈಂಸ್‌ವಾಲ್ ಎಂಬ ತರುಣರಿದ್ದರು. ಇರಾನಿನವರ ಭಾಷೆ ಒಂದು, ಇವರದು ಇನ್ನೊಂದು. ಆದರೂ ಮೂಲೆಯವನು ಬಾಗಿದ ಕೂಡಲೇ ಪಕ್ಕದವನು ಹಾರಿರುತ್ತಿದ್ದನು. ಕಾಂಕರಿಯಾದಲ್ಲಿ ನಾವು ಕಂಡದ್ದರಲ್ಲಿ ಅತ್ಯಂತ ಸುಂದರವಾದದ್ದು ಇದೇ.

ದಾಳಿಯಲ್ಲಿ ತಂಡವು ಆಗ ಇನ್ನೂ ಹದಿನೆಂಟರ ಪ್ರಾಯದ ಸಚಿನ್ ತನ್ವರ್ ಅವರನ್ನು ಹೆಚ್ಚಾಗಿ ನೆಚ್ಚಿಕೊಂಡಿತ್ತು. ತಾವೇ ದಾಳಿಗಾರರಾದ ನಾಯಕರು ಇದರಿಂದ ಹಿನ್ನೆಲೆಗೆ ಸರಿದದ್ದೂ ಉಂಟು. ಕಿರಿಯನನ್ನು ಮುಂದೆ ಬಿಟ್ಟು ತಾನು ತಂಡವನ್ನು ನಡೆಸುವುದು ಲೆಕ್ಕದ ಪಟ್ಟಿಯಲ್ಲಿ ಎಲ್ಲಿಯೂ ಕಾಣದ ಕೆಲಸವೆಂದು ನಾವು ಬಲ್ಲೆವು.

ಲೆಕ್ಕದ ಪಟ್ಟಿಯ ಮಾತು ಬಂದಿತು, ಅದನ್ನು ನೋಡೋಣ. ಹನ್ನೆರಡು ತಂಡಗಳು ಆರಾರರಂತೆ ಎರಡು ವಿಭಾಗ. ಪ್ರತಿಯೊಂದು ತಂಡಕ್ಕೂ ೨೨ ಪಂದ್ಯಗಳು: ತನ್ನ ವಿಭಾಗದ ಐವರೊಡನೆ ಮೂರು ಮೂರು ಸಲ, ಇನ್ನೊಂದು ವಿಭಾಗದ ಆರು ತಂಡಗಳೊಡನೆ ಒಂದೊಂದು ಸಲ, ಅದಲ್ಲದೆ ಇನ್ನೊಂದು ಹೆಚ್ಚಿನ ಪಂದ್ಯ. ಜುಲೈ ೨೮ರಿಂದ ಅಕ್ಟೋಬರ್ ೨೮ರವರೆಗೆ ಮೂರು ತಿಂಗಳ ಕಾಲ ಊರಿಂದೂರಿಗೆ ತಿರುಗಾಟ. ಗೆದ್ದರೆ ೫ ಅಂಕ, ಸಮವಾದರೆ ೩, ಏಳು ಅಥವಾ ಅದಕ್ಕೂ ಕಡಿಮೆ ಅಂತರದಿಂದ ಸೋತರೆ ೧. ಗುಜರಾತ್ ೧೫ ಪಂದ್ಯಗಳನ್ನು ಗೆದ್ದಿತು, ೩ ಸಮವಾದವು, ೪ರಲ್ಲಿ ಸೋತಿತು. ಒಟ್ಟು ೮೭ ಅಂಕ. ಗೆಲವಿನಿಂದ ೭೫, ಸಮದಿಂದ ೯, ಕೂಡಿ ೮೪. ಉಳಿದ ೩ ಅಂಕಗಳು ಸೋಲಿನಿಂದಲೇ ಬರಬೇಕು. ಆದುದರಿಂದ ನಾಲ್ಕು ಸೋಲುಗಳಲ್ಲಿ ಮೂರು ಕೂದಲೆಳೆಯ ಸೋಲುಗಳೆಂದು, ಪಂದ್ಯಗಳನ್ನು ನೋಡದವನೂ ಹೇಳಬಲ್ಲನು. ಹನ್ನೆರಡು ತಂಡಗಳಲ್ಲಿ ಇಷ್ಟು ಅಂಕ ಪಡೆದವರು ಬೇರೊಬ್ಬರಿಲ್ಲ. ಪಾಟ್ನಾ ಪೈರೇಟ್ಸ್ ತಂಡಕ್ಕೆ ಬಂದದ್ದು ೭೧. ಅದು ತನ್ನ ವಿಭಾಗದಲ್ಲಿ ಬಂಗಾಳದ ಹಿಂದೆ ಎರಡನೆಯದಾಗಿತ್ತು.

ಅಕ್ಟೋಬರ್ ೨೪ರಂದು ಮುಂಬಯಿಯಲ್ಲಿ ಎರಡೂ ವಿಭಾಗಗಳ ಮೊದಲಿಗರು ಸೆಣಸಿದಾಗ ಗುಜರಾತ್ ಬಂಗಾಳವನ್ನು ೪೨-೧೭ರಿಂದ ಹಣ್ಣುಮಾಡಿ ನೇರವಾಗಿ ಕೊನೆಯ ಪಂದ್ಯಕ್ಕೆ ತೇರ್ಗಡೆಯಾಯಿತು. ಪಾಟ್ನಾದ ದಾರಿ ಬಲು ಉದ್ದ. ೨೩ರಂದು ಹರಿಯಾಣವನ್ನು ೬೯-೩೦ರಿಂದ, ಮರುದಿನವೇ ಪುಣೆಯನ್ನು ೪೨-೩೨ರಿಂದ, ೨೬ರಂದು ಬಂಗಾಳವನ್ನು ೪೭-೪೪ರಿಂದ ಸೋಲಿಸಿ ಅದು ಚೆನ್ನೈಯ ಕೊನೆಯ ಪಂದ್ಯಕ್ಕೆ ಬಂದಿತು. ಹರಿಯಾಣದ ಮೇಲೆ ಪ್ರದೀಪ್ ನರ್ವಾಲ್ ಒಬ್ಬರೇ ದಾಳಿಯಲ್ಲಿ ೩೪ ಅಂಕ ಗಳಿಸಿದರು! ಒಂದು ತಂಡ ನಾಲ್ಕು ದಿನ ವಿಶ್ರಾಂತಿಯಲ್ಲಿತ್ತು. ಇನ್ನೊಂದು ಒಲೆಯ ಮೇಲಿನ ಬಾಣಲೆಯಂತೆ ಕಾದಿತ್ತು.

೨೮ರ ಸಂಜೆ ಗುಜರಾತ್ ಚೆನ್ನಾಗಿಯೇ ಆರಂಭಿಸಿತು. ಆದರೆ ಪಾಟ್ನಾ ಹಿಂದಿನಿಂದ ಬಂದು ಮುಂದಾಯಿತು, ಮುಂದಾದದ್ದು ಮತ್ತೆ ಹಿಂದಾಗಲಿಲ್ಲ. ೫೫-೩೮. ನರ್ವಾಲ್ ಅವರಿಗೆ ೧೯ ಅಂಕ. ಇಡೀ ಋತುವಿನಲ್ಲಿ ದಾಳಿಯಿಂದ ೩೬೯. ಒಂದೇ ಋತುವಿನಲ್ಲಿ ಮುನ್ನೂರನ್ನು ದಾಟಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಪಾಟ್ನಾಕ್ಕೆ ಅದು ಸತತವಾಗಿ ಮೂರನೆಯ ಪ್ರಶಸ್ತಿ.

ಆ ರಾತ್ರಿ ವಸ್ತ್ರಾಪುರದಿಂದ ನಮಗೆ ದೂರವಾಣಿ ಬಂದಿತು. “ದೊಡ್ಡಪ್ಪ, ಎಲ್ಲರಿಗಿಂತ ಹೆಚ್ಚು ಅಂಕ ನಮ್ಮದು. ಕಪ್ ಅವರಿಗೆ ಹೇಗೆ ಹೋಗುತ್ತದೆ?” ಹುಡುಗನು ಅಳುತ್ತಿದ್ದನು. ಅಳುವವರಿಗೆ ನಿಯಮಾವಳಿಯನ್ನು ಓದಿ ಹೇಳುವುದು ಸರಿಯಲ್ಲವೆಂದು ನಾವು, ನೀವೇ ದೊಡ್ಡ ತಂಡ, ಪಟ್ಟಿಯನ್ನು ನೋಡು, ಎಂದು ಸಮಾಧಾನ ಹೇಳಿದೆವು. ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ.

ಯೋಚಿಸಿದಷ್ಟೂ ಅದರ ಉತ್ತರ ಕಬಡ್ಡಿಯ ಗಣಿತದಲ್ಲಿಯೇ ಇದೆಯೆಂದು ನಮಗೆ ತೋರಿತು. ಕಾಯುವವರು ಎಷ್ಟು ಚೆನ್ನಾಗಿ ಹಿಡಿದರೂ ಒಂದು ಹಿಡಿತಕ್ಕೆ ಸಾಮಾನ್ಯವಾಗಿ ಒಂದೇ ಅಂಕ. ದಾಳಿಗಾರನಾದರೋ ಒಂದೇ ದಾಳಿಯಲ್ಲಿ ಮೂವರನ್ನು ಮುಟ್ಟಿ ಬಂದರೆ ಮೂರು ಅಂಕ; ಹೊರಗಿದ್ದ ತನ್ನ ಮೂವರು ಒಳಗೆ ಬರುತ್ತಾರೆ, ಎದುರಿನ ಮೂವರು ಹೊರಗೆ ಹೋಗುತ್ತಾರೆ. ಎದುರಾಳಿಗಳೆಲ್ಲರೂ ಔಟಾದರೆ ಮೇಲೆ ಇನ್ನೆರಡು ಅಂಕ. ಒಳ್ಳೆಯ ರಕ್ಷಣೆ ದಿನದಿನವೂ ಸ್ವಲ್ಪ ಸ್ವಲ್ಪ ಕೂಡಿಸುವ ಸಂಸಾರಿಯಂತೆ. ಮೂರು ತಿಂಗಳ ಕೊನೆಗೆ ಅದರ ಗಂಟೇ ದೊಡ್ಡದು. ಅಸಾಧಾರಣ ದಾಳಿಗಾರನಿಗೆ ನಲವತ್ತು ನಿಮಿಷ ಸಾಕು. ಲೀಗಿನ ಪಟ್ಟಿ ಮೊದಲನೆಯದನ್ನು ಅಳೆಯುತ್ತದೆ, ಕೊನೆಯ ಸಂಜೆ ಎರಡನೆಯದನ್ನು.

ಹಾಗಾದರೆ ಕೊನೆಯ ಪಂದ್ಯವನ್ನು ಒಂದರ ಬದಲು ಏಳಾಗಿ ಆಡಿಸಬಾರದೇ? ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲಿನಲ್ಲಿ ಅದೇ ಪದ್ಧತಿ. ಅಲ್ಲಿ ಒಂದು ತಂಡಕ್ಕೆ ಋತುವಿನಲ್ಲಿ ೮೨ ಪಂದ್ಯಗಳು. ಕಡೆಗೆ ಉಳಿದ ಇಬ್ಬರಲ್ಲಿ ನಾಲ್ಕು ಪಂದ್ಯಗಳನ್ನು ಮೊದಲು ಗೆದ್ದವರಿಗೆ ಪ್ರಶಸ್ತಿ. ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡವು ೨೦೧೫-೧೬ರ ಋತುವಿನಲ್ಲಿ ೮೨ರಲ್ಲಿ ೭೩ನ್ನು ಗೆದ್ದಿತು. ಹಿಂದೆ ಯಾರೂ ಅಷ್ಟು ಗೆದ್ದಿರಲಿಲ್ಲ. ಕೊನೆಯ ಸರಣಿಯಲ್ಲಿಯೂ ೩-೧ರಿಂದ ಮುಂದಿತ್ತು. ಅನಂತರ ಮೂರನ್ನು ಸಾಲಾಗಿ ಸೋತು, ಏಳನೆಯ ಪಂದ್ಯದಲ್ಲಿ ೮೯-೯೩ರಿಂದ ಕ್ಲೀವ್‌ಲ್ಯಾಂಡ್ ತಂಡಕ್ಕೆ ಪ್ರಶಸ್ತಿಯನ್ನು ಬಿಟ್ಟುಕೊಟ್ಟಿತು. ಏಳು ಪಂದ್ಯಗಳಾಡಿದರೆ ಆಕಸ್ಮಿಕಕ್ಕೆ ಎಡೆ ಕಡಿಮೆಯಾಗುತ್ತದೆ, ಸಂದೇಹವಿಲ್ಲ; ಆದರೆ ಏಳನೆಯದೂ ಒಂದು ಸಂಜೆಯೇ. ಹೀಗಿದ್ದರೂ ನಮ್ಮ ಕಬಡ್ಡಿಯಲ್ಲಿ ಕಡೆಯ ಇಬ್ಬರಿಗೆ ಮೂರು ಪಂದ್ಯಗಳನ್ನಾದರೂ ಇಟ್ಟರೆ ೮೭ ಅಂಕಗಳ ಶ್ರಮಕ್ಕೆ ಹೆಚ್ಚಿನ ನ್ಯಾಯ ದೊರಕೀತೆಂಬುದು ನಮ್ಮ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಬೇಗನೆ ಪರೀಕ್ಷೆ ಬಂದಿತು. ಮುಂದಿನ ಋತುವಿನ ವೇಳೆಗೆ ಹೆಗ್ಡೆಯವರೂ ಅತ್ರಾಚಲಿಯವರೂ ಬೇರೆ ತಂಡಗಳಿಗೆ ಹೋಗಿದ್ದರು. ಪಕ್ಕದಲ್ಲಿ ನಿಂತು ದಾರಿ ಕಟ್ಟುತ್ತಿದ್ದ ಸುನಿಲ್ ಕುಮಾರ್ ಈಗ ನಾಯಕರು. ಗುಜರಾತ್ ಮತ್ತೆ ತನ್ನ ವಿಭಾಗದಲ್ಲಿ ಮೊದಲನೆಯದು. ಇನ್ನೊಂದು ವಿಭಾಗದಲ್ಲಿ ಮೊದಲಾದವರು ಬೆಂಗಳೂರು ಬುಲ್ಸ್. ೨೦೧೯ರ ಜನವರಿ ೫ರಂದು ಮುಂಬಯಿಯಲ್ಲಿ ಈ ಎರಡೇ ತಂಡಗಳು ಪ್ರಶಸ್ತಿಗಾಗಿ ಎದುರಾದವು. ಅರ್ಧಕಾಲಕ್ಕೆ ಗುಜರಾತ್ ೧೬, ಬೆಂಗಳೂರು ೯. ಅನಂತರ ಪವನ್ ಸೆಹ್ರಾವತ್ ಎದ್ದರು. ದಾಳಿಗೆ ದಾಳಿ ಸೇರಿ ಅವರೊಬ್ಬರ ಲೆಕ್ಕವೇ ೨೨ ಅಂಕಗಳಾದವು. ಬೆಂಗಳೂರು ೩೮-೩೩ರಿಂದ ಗೆದ್ದು ಮೊದಲ ಸಲ ಪ್ರಶಸ್ತಿಯನ್ನು ಪಡೆಯಿತು. ನಮ್ಮ ಬೀದಿಯಲ್ಲಿ ಪಟಾಕಿ ಸಿಡಿಯುತ್ತಿದ್ದಾಗಲೇ ದೂರವಾಣಿ ಬಂದಿತು. ಈ ಸಲ ಹುಡುಗನು ಅಳುತ್ತಿರಲಿಲ್ಲ.

“ದೊಡ್ಡಪ್ಪ, ಕಪ್ ನಿಮ್ಮೂರಿಗೆ ಬಂತಲ್ಲ. ಈಗ ಹೇಳಿ, ಮೂರು ಪಂದ್ಯ ಆಡಿಸಬೇಕೇ?”

ಪಟಾಕಿಯ ಸದ್ದಿನಲ್ಲಿ ಏನೂ ಕೇಳಿಸುತ್ತಿಲ್ಲವೆಂದು ನಾವು ಅವನಿಗೆ ಹೇಳಿದೆವು.